ಒಂದೇ ದಿನ, ಒಬ್ಬರೇ: ವೆನಿಸ್ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ವೆನಿಸ್ ದ್ವೀಪಗಳ ಎದುರಿನ ನೆಲದ ಮೇಲಿರುವ ಮೆಸ್ತ್ರೆಯ ಹೋಟೆಲಿನಲ್ಲಿ ಉಳಿದುಕೊಂಡು ಒಂದು ದಿನ ಒಬ್ಬಳೇ ವೆನಿಸ್ ನೋಡಬೇಕು. ನೂಕುನುಗ್ಗಲಿನಲ್ಲೇ ದಿನ ಮುಗಿಯದಂತೆ ಹೇಗೆ ಸುತ್ತಲಿ? ನಾನು ಸಸ್ಯಾಹಾರಿ.

ಉತ್ತರ: ಎಲ್ಲರೂ ಮುಗಿಸುವ ಕಡೆಯಿಂದ ನೀವು ಶುರು ಮಾಡಿ. ದಿನದ ಮಟ್ಟಿಗೆ ಬರುವವರು ಸಾಂತಾ ಲೂಚಿಯಾ ರೈಲು ನಿಲ್ದಾಣದಲ್ಲಿ ಇಳಿದು ‘ಪೆರ್ ರಿಯಾಲ್ಟೊ’ (ರಿಯಾಲ್ಟೊ ಸೇತುವೆಯ ಕಡೆಗೆ), ‘ಪೆರ್ ಸಾನ್ ಮಾರ್ಕೊ’ (ಸಾನ್ ಮಾರ್ಕೊ ಚೌಕದ ಕಡೆಗೆ) ಎಂಬ ಹಳದಿ ಫಲಕಗಳನ್ನೇ ಹಿಡಿದು ನಡೆಯುತ್ತಾರೆ. ಹತ್ತು ಗಂಟೆಗೆಲ್ಲ ಆ ದಾರಿ ತೇರು ಎಳೆಯುವ ಬೀದಿಯಂತಾಗುತ್ತದೆ. ಎರಡು ಗಲ್ಲಿ ಆಚೆ ಹೋದರೆ ಒಣಹಾಕಿದ ಬಟ್ಟೆ ಬಿಟ್ಟು ಏನೂ ಕಾಣದು.

ಮೊದಲು ಪ್ರವೇಶ ಶುಲ್ಕದ ವಿಷಯ. 2024ರಿಂದ, ವರ್ಷದ ಕೆಲವು ನಿಗದಿತ ದಿನಗಳಲ್ಲಿ, ಬೆಳಗ್ಗೆ 8.30ರಿಂದ ಸಂಜೆ 4ರವರೆಗೆ ಹಗಲು ಪ್ರವಾಸಿಗರು ದುಡ್ಡು ಕಟ್ಟಬೇಕು. ಮೆಸ್ತ್ರೆ ವೆನಿಸ್ ನಗರಾಡಳಿತಕ್ಕೇ ಸೇರಿದ್ದರಿಂದ ಅಲ್ಲಿನ ಹೋಟೆಲಿನಲ್ಲಿ ಉಳಿದವರಿಗೆ ಶುಲ್ಕವಿಲ್ಲ. ಆದರೆ ವಿನಾಯಿತಿಯ ಕ್ಯೂಆರ್ ಕೋಡನ್ನು ಆನ್‌ಲೈನಿನಲ್ಲಿ ಮೊದಲೇ ಪಡೆದಿರಬೇಕು.

ಮೆಸ್ತ್ರೆಯಿಂದ ರೈಲಿನಲ್ಲಿ ಬಂದು, ಏಳು ಗಂಟೆಗೆಲ್ಲ ಸಾಂತಾ ಲೂಚಿಯಾ ನಿಲ್ದಾಣದ ಮುಂದೆ 1ನೇ ನಂಬರಿನ ವಾಪೊರೆತ್ತೊ, ಅಂದರೆ ನೀರಿನ ಬಸ್ಸು, ಹತ್ತಿ. ಗ್ರ್ಯಾಂಡ್ ಕಾಲುವೆಯುದ್ದಕ್ಕೂ ಸಾನ್ ಮಾರ್ಕೊಗೆ ಹೋಗುತ್ತದೆ. 75 ನಿಮಿಷದ ಟಿಕೆಟ್‌ಗೆ 9.50 ಯೂರೊ, 24 ಗಂಟೆಯ ಪಾಸಿಗೆ 25. ಮೂರು ಸಲ ಹತ್ತುವುದಿದ್ದರೆ ಮಾತ್ರ ಪಾಸು ಲಾಭ. ಹತ್ತುವ ಮುನ್ನ ಪ್ರತಿಸಲವೂ ಯಂತ್ರಕ್ಕೆ ಟಿಕೆಟ್ ತಾಗಿಸಿ. ಇಲ್ಲದಿದ್ದರೆ ಕೈಯಲ್ಲಿ ಟಿಕೆಟ್ ಇದ್ದೂ ದಂಡ.

ಚೌಕ ಆಗಿನ್ನೂ ಪಾರಿವಾಳಗಳ ಪಾಲು. ಡೋಜೆಯ (ಹಿಂದಿನ ವೆನಿಸ್ ಗಣರಾಜ್ಯದ ಮುಖ್ಯಸ್ಥನ) ಅರಮನೆಗೆ 9ರ ಟಿಕೆಟ್, ಅದು ಮುಗಿದ ಮೇಲೆ ಪಕ್ಕದ ಸಾನ್ ಮಾರ್ಕೊ ಚರ್ಚು, ಅಂದರೆ ಬಸಿಲಿಕಾಗೆ ಸಮಯ ನಿಗದಿಯಾದ ಟಿಕೆಟ್, ಎರಡನ್ನೂ ಮೊದಲೇ ಮಾಡಿಸಿ. ಅರಮನೆಗೆ ಎರಡು ಗಂಟೆ ಬೇಕು. ಅರಮನೆಯಿಂದ ಹಳೆಯ ಸೆರೆಮನೆಗೆ ಹೋಗುವ ‘ನಿಟ್ಟುಸಿರಿನ ಸೇತುವೆ’ಯನ್ನು ಒಳಗಿನಿಂದಲೇ ದಾಟುತ್ತೀರಿ, ಹೊರಗೆ ಫೋಟೊಗಾಗಿ ಒದ್ದಾಡಬೇಕಿಲ್ಲ. ಬಸಿಲಿಕಾದಲ್ಲಿ ಭುಜ, ಮಂಡಿ ಮುಚ್ಚಿರಬೇಕು. ದೊಡ್ಡ ಬೆನ್ನುಚೀಲ ಒಳಗೆ ಬಿಡರು. ಒಬ್ಬರೇ ಬಂದವರ ಚೀಲ ಕಾಯಲು ಯಾರೂ ಇರುವುದಿಲ್ಲವಲ್ಲ, ಹೋಟೆಲಿನಲ್ಲೇ ಬಿಟ್ಟು ಬನ್ನಿ. ಭಾನುವಾರ ಬೆಳಗ್ಗೆ ಅಲ್ಲಿ ಪ್ರಾರ್ಥನೆ, ಪ್ರವಾಸಿಗರಿಗೆ ಮಧ್ಯಾಹ್ನದ ಮೇಲೆ.

ಜನ ಸಾನ್ ಮಾರ್ಕೊ ತುಂಬುವ ಹೊತ್ತಿಗೆ ನೀವು ಉತ್ತರಕ್ಕೆ, ಸಾಂತಿ ಜೊವಾನ್ನಿ ಎ ಪಾವೊಲೊ ಚೌಕ ಹಾದು ಕನ್ನರೇಜೊ ಕೇರಿಗೆ ನಡೆಯಿರಿ. 1516ರಲ್ಲಿ ಯೆಹೂದಿಗಳನ್ನು ಕೂಡಿಹಾಕಿದ ಗೆಟ್ಟೊ ಇಲ್ಲಿದೆ; ಆ ಪದ ಲೋಕಕ್ಕೆ ಹೋದದ್ದೇ ಇಲ್ಲಿಂದ. ಗಲ್ಲಿಗಳಲ್ಲಿ ಫೋನಿನ ನೀಲಿ ಚುಕ್ಕೆ ಪಕ್ಕದ ಓಣಿಗೆ ಹಾರುತ್ತದೆ, ಕೆಲವು ಓಣಿ ನೇರ ನೀರಿಗೇ ಮುಗಿಯುತ್ತವೆ. ವಿಳಾಸದಲ್ಲೂ ಬೀದಿ ಹೆಸರಿಗಿಂತ ಕೇರಿಯ ಹೆಸರು, ಸಾವಿರಗಟ್ಟಲೆಯ ಸಂಖ್ಯೆಯೇ ಹೆಚ್ಚು. ಹತ್ತಿರದ ಚರ್ಚನ್ನೋ ಚೌಕವನ್ನೋ ಗುರುತಿಟ್ಟುಕೊಳ್ಳಿ.

ಊಟ: ಬಾಕರೊ ಎಂಬ ಪುಟ್ಟ ಅಂಗಡಿಗಳಲ್ಲಿ ಬ್ರೆಡ್ಡಿನ ಮೇಲೆ ಬೆಣ್ಣೆಯಂತೆ ಬೆಳ್ಳಗೆ ಮೆತ್ತಿರುವುದು ಸಾಮಾನ್ಯವಾಗಿ ಬಕಲಾ, ಅಂದರೆ ಮೀನು. ಸಸ್ಯಾಹಾರಿಗಳು ಎಡವುವುದು ಅಲ್ಲೇ. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ’ ಎಂದು ಕೇಳಿ: ಮಾಂಸ ಬೇಡ, ಮೀನು ಬೇಡ. ನಿಂತು ತಿಂದರೆ ಅಗ್ಗ. ಸೇತುವೆಯ ಮೆಟ್ಟಿಲ ಮೇಲೆ ಕೂತು ತಿಂದರೆ ದಂಡ.

ಗೊಂಡೊಲಾದ 90 ಯೂರೊ ಇಡೀ ದೋಣಿಗೆ, ತಲೆಗಲ್ಲ; ಒಬ್ಬರೇ ಇದ್ದರೆ ಪೂರ್ತಿ ಖರ್ಚು ನಿಮ್ಮದೇ. ಅದರ ಬದಲು ಕನ್ನರೇಜೊದ ಸಾಂತಾ ಸೊಫಿಯಾದಲ್ಲಿ ತ್ರಗೆತ್ತೊ ಹತ್ತಿ: ಅದೇ ಬಗೆಯ ದೋಣಿ, ಗ್ರ್ಯಾಂಡ್ ಕಾಲುವೆಯ ಎದುರು ದಡಕ್ಕೆ 2 ಯೂರೊ, ಚಿಲ್ಲರೆ ಇಟ್ಟುಕೊಳ್ಳಿ. ಆ ದಡದಿಂದ ಫ್ರಾರಿ ಚರ್ಚಿಗೆ ಹೋಗಿ ಚಿತ್ರಕಾರ ತಿಸಿಯಾನೊನ ‘ಅಸ್ಸುಂತಾ’ ಚಿತ್ರ ನೋಡಿಕೊಂಡರೆ ನಿಲ್ದಾಣ ನಡೆದೇ ಹೋಗುವಷ್ಟು ಹತ್ತಿರ. ಕಾಗದದ ರೈಲು ಟಿಕೆಟ್ ಆದರೆ ಹತ್ತುವ ಮುಂಚೆ ಯಂತ್ರದಲ್ಲಿ ಮುದ್ರೆ ಹಾಕಿಸಿ.