ಪ್ಲಾಟ್‌ನಲ್ಲಿ ಕಾಣದ ಎರಡು ಕಾರು

ಡೇಟಾದ ಒಂದೇ ಸಾಲು, ಅಂದಾಜು ಮಾಡುವ ಇಡೀ ಮಾಡೆಲನ್ನು ತನ್ನ ಕಡೆ ಹೇಗೆ ಎಳೆಯುತ್ತದೆ ಅಂತ ಹೊಸಬರಿಗೆ ತೋರಿಸಲು ನಾನು ಎಂಟಿಕಾರ್ಸ್ ಡೇಟಾ ತೆಗೆಯುತ್ತೇನೆ. ಆರ್ ಎಂಬ ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆ ಕಲಿತವರಿಗೆಲ್ಲ ಗೊತ್ತಿರುವುದೇ. 1974ರ ಮೋಟರ್ ಟ್ರೆಂಡ್ ಎಂಬ ಅಮೆರಿಕದ ಪತ್ರಿಕೆಯಿಂದ ತೆಗೆದ 32 ಕಾರುಗಳ ವಿವರ ಅದರಲ್ಲಿದೆ.

ಮೊದಲು ತೂಕ ಮತ್ತು ಹಾರ್ಸ್‌ಪವರ್ ಇಟ್ಟುಕೊಂಡು ಮೈಲೇಜ್ ಅಂದಾಜು ಮಾಡಿ. 335 ಹಾರ್ಸ್‌ಪವರ್‌ನ ಮಾಸೆರಾಟಿ ಬೋರಾ ತಕ್ಷಣ ಎದ್ದು ಕಾಣುತ್ತದೆ. ಅದರ ಲಿವರೇಜ್ ಸುಮಾರು 0.39. ಎಲ್ಲ ಕಾರುಗಳ ಸರಾಸರಿ ಬರೀ 0.09. ಒಂದು ಸಾಲು ತನ್ನ ಅಂದಾಜನ್ನು ತಾನೇ ಎಷ್ಟು ಎಳೆದುಕೊಳ್ಳುತ್ತದೆ ಎಂಬ ಅಳತೆಯೇ ಲಿವರೇಜ್. ಸಂಖ್ಯಾಶಾಸ್ತ್ರಜ್ಞ ಡೆನ್ನಿಸ್ ಕುಕ್ 1977ರಲ್ಲಿ ಕೊಟ್ಟ ಅಳತೆ ಇದನ್ನೂ, ನಿಜವಾದ ಮೈಲೇಜಿಗೂ ಅಂದಾಜಿಗೂ ಇರುವ ವ್ಯತ್ಯಾಸವನ್ನೂ ಸೇರಿಸಿ ನೋಡುತ್ತದೆ. ಇಲ್ಲಿಯವರೆಗೆ ತೊಂದರೆ ಇಲ್ಲ.

ಈಗ ಕಾರ್ಬ್ಯುರೇಟರ್ ಕಾಲಂ ಸೇರಿಸಿ. ಆದರೆ ಸಂಖ್ಯೆಯಾಗಿ ಅಲ್ಲ, ವರ್ಗವಾಗಿ. 6 ಇರುವುದು ಫೆರಾರಿ ಡಿನೋ ಒಂದಕ್ಕೆ, 8 ಇರುವುದು ಬೋರಾ ಒಂದಕ್ಕೆ. ಅಂದರೆ ಆ ವರ್ಗದ ಗುಣಾಂಕ (ಮಾಡೆಲ್ ಅದಕ್ಕೆ ಕೊಡುವ ಸಂಖ್ಯೆ) ನಿಂತಿರುವುದೇ ಒಂದು ಕಾರಿನ ಮೇಲೆ. ಆ ಸಾಲಿನ ಅಂದಾಜು ನಿಜವಾದ ಮೈಲೇಜಿಗೆ ಸರಿಯಾಗಿ ಕೂರುತ್ತದೆ. ಲಿವರೇಜ್ 1, ವ್ಯತ್ಯಾಸ ಸೊನ್ನೆ. ಕುಕ್ ಸೂತ್ರಕ್ಕೆ ಹಾಕಿದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕಾಗುತ್ತದೆ! ಆರ್ ಒಂದು ಚಿಕ್ಕ ಎಚ್ಚರಿಕೆ ಕೊಟ್ಟು 30 ಮತ್ತು 31ನೇ ಸಾಲನ್ನು, ಅಂದರೆ ಡಿನೋ ಮತ್ತು ಬೋರಾವನ್ನು, ಪ್ಲಾಟ್‌ನಿಂದ (ಲಿವರೇಜ್ ತೋರಿಸುವ ಚಿತ್ರದಿಂದ) ಬಿಟ್ಟುಬಿಡುತ್ತದೆ. ನಾವು ಹುಡುಕುತ್ತಿದ್ದದ್ದು ಅವನ್ನೇ ಅಲ್ವಾ? ಎಚ್ಚರಿಕೆ ಓದದವರು ಪ್ಲಾಟ್ ನೋಡಿ, ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ. ತೂಕ ಮತ್ತು ಹಾರ್ಸ್‌ಪವರ್‌ನ ಗುಣಾಂಕಗಳಿಗೆ ಬೋರಾ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೂ ರಿಪೋರ್ಟ್‌ನಲ್ಲಿ 32 ಕಾರು ಅಂತಲೇ ಬರೆದಿರುತ್ತದೆ.

ಅದಕ್ಕೇ ನಾನು ಮೊದಲು ಪ್ರತಿ ವರ್ಗದಲ್ಲಿ ಎಷ್ಟು ಸಾಲಿವೆ ಅಂತ ಎಣಿಸುತ್ತೇನೆ. ಎರಡು ನಿಮಿಷದ ಕೆಲಸ.

ಸಂಖ್ಯೆ, ವರ್ಗ ಎರಡೂ ಇರುವ ಮಿಶ್ರ ಡೇಟಾ ಅಂದಕೂಡಲೇ ಕೆಲವರು ಗೋವರ್ ದೂರ ಹಿಡಿಯುತ್ತಾರೆ. ಎರಡು ಸಾಲು ಒಂದಕ್ಕೊಂದು ಎಷ್ಟು ಬೇರೆ ಎಂಬ ಅಳತೆ ಅದು. 1971ರ ಒಳ್ಳೆಯ ಉಪಾಯ. ವರ್ಗ ಬೇರೆಯಾದರೆ 1, ಒಂದೇ ಆದರೆ 0. ಸಂಖ್ಯೆಗಳ ವ್ಯತ್ಯಾಸವನ್ನು ಆ ಕಾಲಂನ ಒಟ್ಟು ಹರವಿನಿಂದ (ಅತಿ ಹೆಚ್ಚು ಕಳೆ ಅತಿ ಕಡಿಮೆ) ಭಾಗಿಸಬೇಕು. ಆದರೆ ಆ ಹರವನ್ನು ಹಿಗ್ಗಿಸಿದ್ದೂ ಬೋರಾನೇ. ಅದಿದ್ದರೆ ಹಾರ್ಸ್‌ಪವರ್ ಹರವು 283, ತೆಗೆದರೆ 212. ಒಂದು ಕಾರಿನಿಂದ ಉಳಿದವುಗಳ ನಡುವಿನ ಹಾರ್ಸ್‌ಪವರ್ ಅಂತರ ಕಾಲು ಭಾಗ ಕುಗ್ಗುತ್ತದೆ. ಹಾಗಾಗಿ ಹರವನ್ನು ಬೋರಾ ಬಿಟ್ಟು ಇನ್ನೊಮ್ಮೆ ಲೆಕ್ಕ ಹಾಕಿ ನೋಡಿ.

ಒಂಟಿ ವರ್ಗ ಸಿಕ್ಕರೆ ಸುಮ್ನೆ ಅಳಿಸಬೇಡಿ. ಅರ್ಥ ಕೂಡುವುದಾದರೆ ಪಕ್ಕದ ವರ್ಗಕ್ಕೆ ಸೇರಿಸಿ, ಇಲ್ಲವೇ ಕಾಲಂ ಅನ್ನು ಸಂಖ್ಯೆಯಾಗಿ ಬಳಸಿ. ಬದಲಿಸುವ ಮುಂಚಿನದು, ಆಮೇಲಿನದು, ಎರಡೂ ಫಲಿತಾಂಶವನ್ನು ರಿಪೋರ್ಟ್‌ನಲ್ಲಿ ಕೊಡಿ.

ಒಂಟಿಯಲ್ಲದ ಚಿಕ್ಕ ವರ್ಗದಲ್ಲೂ ಎಚ್ಚರ ಬೇಕು. ಕಾರ್ಬ್ಯುರೇಟರ್ 3 ಇರುವ ಕಾರು ಮೂರೇ. ಮೂರೂ ಮರ್ಸಿಡಿಸ್ 450, ಮೂರಕ್ಕೂ 180 ಹಾರ್ಸ್‌ಪವರ್. ಒಂದೊಂದೇ ತೆಗೆದು ನೋಡಿದರೆ ಉಳಿದೆರಡು ಅದರ ಜಾಗ ಹಿಡಿದು ನಿಲ್ಲುತ್ತವೆ, ಗುಣಾಂಕ ಜಾಸ್ತಿ ಅಲುಗುವುದಿಲ್ಲ. ಅಲ್ಲಿ ಮೂರನ್ನೂ ಒಟ್ಟಿಗೇ ತೆಗೆದು ನೋಡಬೇಕು.