ಹಳೆಯ ಎಂಎಸ್ 290 ಚೈನ್ ಸಾ: ದುಡ್ಡು ಕೊಡುವ ಮುನ್ನ ಸೈಲೆನ್ಸರ್ ಬಿಚ್ಚಿ

ಸ್ಟಿಲ್ ಕಂಪನಿ ಎಂಎಸ್ 290 ತಯಾರಿಕೆ ನಿಲ್ಲಿಸಿ ವರ್ಷಗಳೇ ಆದವು. ಬಳಸಿದ ಯಂತ್ರಗಳು ಮಾತ್ರ ಈಗಲೂ ಕೈಯಿಂದ ಕೈಗೆ ಹೋಗುತ್ತಲೇ ಇವೆ. ಅಮೆರಿಕದಲ್ಲಿ 'ಫಾರ್ಮ್ ಬಾಸ್' ಎಂದು ಮಾರುತ್ತಿದ್ದ ಇದರ ಜಾಗಕ್ಕೆ ಎಂಎಸ್ 291 ಬಂತು, ಹೆಸರು ಎಂಎಸ್ 271ರ ಪಾಲಾಯಿತು. ಇಟ್ಟುಕೊಂಡವರು ಹೇಳುವುದು ಎರಡೇ ಮಾತು: ಕೈ ಕೊಡುವುದಿಲ್ಲ, ಆದರೆ ಭಾರ. ರಿಪೇರಿ ಮಾಡುವವರು ಮೂರನೆಯದನ್ನು ಸೇರಿಸುತ್ತಾರೆ: ಬಿಚ್ಚಲು ಕೂತರೆ ಅರ್ಧ ದಿನ ಹೋಯಿತು.

ಭಾರದ ದೂರು ನಿಜ. 46 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), 34 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ), 56.5 ಸಿಸಿ, ಬಾರ್ (ಚೈನ್ ಓಡುವ ಉದ್ದನೆಯ ತಟ್ಟೆ) ಮತ್ತು ಚೈನ್ ಬಿಟ್ಟು ತೂಕ 5.9 ಕೆ.ಜಿ. ಅದೇ ಕಂಪನಿಯ ಎಂಎಸ್ 260 ಎಂಬ ವೃತ್ತಿಪರ ಮಾದರಿ 50.2 ಸಿಸಿ ಇದ್ದೂ ಒಂದು ಕಿಲೋದಷ್ಟು ಹಗುರ. ದಿನವಿಡೀ ಕೊಂಬೆ ಸವರುವವರಿಗೆ 290 ಬೇಡ. ಬಿದ್ದ ದಿಮ್ಮಿಯನ್ನು 16 ಅಥವಾ 18 ಇಂಚಿನ ಬಾರ್ ಹಾಕಿ ತುಂಡು ಮಾಡುವುದಕ್ಕೆ ಆ ಭಾರವೇ ಅನುಕೂಲ. 20 ಇಂಚಿನ ಬಾರ್ ಕೂಡುತ್ತದೆ, ಆದರೆ ಗಟ್ಟಿ ಮರದಲ್ಲಿ ಪೂರ್ತಿ ಮುಳುಗಿಸಿದರೆ ಎಂಜಿನ್ ಏದುಸಿರು ಬಿಡುತ್ತದೆ.

ರಿಪೇರಿಯ ಕಷ್ಟಕ್ಕೆ ಕಾರಣ ಎಂಜಿನ್ ಕಟ್ಟಿರುವ ರೀತಿ. ಎಂಎಸ್ 260ರಲ್ಲಿ ಕ್ರ್ಯಾಂಕ್ ದಂಡವನ್ನು ಹಿಡಿದಿಡುವ ಮೆಗ್ನೀಸಿಯಂ ಕ್ರ್ಯಾಂಕ್‌ಕೇಸೇ ಯಂತ್ರದ ಮೈ. ಇಲ್ಲಿ ಹಾಗಲ್ಲ. ಸಿಲಿಂಡರಿನ ತಳಭಾಗವೂ ಅದರಡಿಯ ಲೋಹದ ತಟ್ಟೆಯೂ ಸೇರಿ ಕ್ರ್ಯಾಂಕ್ ಬೇರಿಂಗುಗಳನ್ನು ಮೇಲೆ ಕೆಳಗೆ ಅಪ್ಪಿ ಹಿಡಿದಿರುತ್ತವೆ, ಇಡೀ ಎಂಜಿನ್ ಪ್ಲಾಸ್ಟಿಕ್ ಮೈಯೊಳಗೆ ಕೂತಿರುತ್ತದೆ. ನಡುವೆ ಗ್ಯಾಸ್ಕೆಟ್ ಇಲ್ಲ, ಸೀಲಂಟ್ ಮಾತ್ರ. ಆದ್ದರಿಂದ ಪಿಸ್ಟನ್ ಬದಲಿಸಲು ಕ್ಲಚ್, ಆಯಿಲ್ ಪಂಪ್, ಫ್ಲೈವೀಲ್, ಕಾರ್ಬುರೇಟರ್ ಎಲ್ಲ ಕಳಚಿ ಎಂಜಿನ್ ಹೊರತೆಗೆಯಬೇಕು. ಕೂಡಿಸುವಾಗ ಹಳೆಯ ಸೀಲಂಟನ್ನು ಪೂರ್ತಿ ಕೆರೆದು, ಎಣ್ಣೆ ಪಸೆ ಒರೆಸಿ, ಹೊಸದನ್ನು ತೆಳುವಾಗಿ ಹಚ್ಚಬೇಕು. ಎಣ್ಣೆ ಉಳಿದರೆ ಅಲ್ಲಿಂದಲೇ ಗಾಳಿ ಒಳನುಗ್ಗುತ್ತದೆ. ಕೂಡಿಸಿದ ಮೇಲೆ ಎಂಜಿನ್ನಿನೊಳಗೆ 0.5 ಬಾರ್ (ಇಲ್ಲಿ ಬಾರ್ ಎಂದರೆ ಒತ್ತಡದ ಮಾನ) ಗಾಳಿ ಒತ್ತಡ ಕೊಟ್ಟು 20 ಸೆಕೆಂಡ್ ನೋಡಿ, ಒತ್ತಡಮಾಪಕದ ಮುಳ್ಳು ಇಳಿಯಕೂಡದು. ನಿರ್ವಾತದಲ್ಲೂ ಪರೀಕ್ಷಿಸಿ. ಕ್ರ್ಯಾಂಕ್ ಸೀಲಿನ ಸೋರಿಕೆ ಎಷ್ಟೋ ಸಲ ನಿರ್ವಾತದಲ್ಲಷ್ಟೇ ಬಯಲಾಗುತ್ತದೆ.

ಹಾಗಾಗಿ ಕೊಳ್ಳುವಾಗ ಸ್ಟಾರ್ಟ್ ಆಯಿತೆಂಬುದನ್ನೇ ನಂಬಬೇಡಿ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿದರೆ ಪಿಸ್ಟನ್ ಕಾಣುತ್ತದೆ. ಹೊಗೆ ಹೋಗುವ ಬದಿಯಲ್ಲಿ ಉದ್ದುದ್ದ ಗೀರಿದ್ದರೆ ಆಯಿಲ್ ಬೆರೆಸದ ಪೆಟ್ರೋಲ್ ಹಾಕಿದ್ದಾರೆ, ಇಲ್ಲವೇ ಎಲ್ಲೋ ಗಾಳಿ ಒಳಸೋರಿ ಮಿಶ್ರಣ ತೆಳುವಾಗಿದೆ, ಅಂದರೆ ಗಾಳಿ ಹೆಚ್ಚಿ ಪೆಟ್ರೋಲ್ ಕಡಿಮೆಯಾಗಿದೆ. ಕಾರ್ಬುರೇಟರ್ ಕಡೆಯ, ಅಂದರೆ ಮಿಶ್ರಣ ಒಳಬರುವ ಬದಿ ಮಂಕಾಗಿ ಸವೆದಿದ್ದರೆ ಏರ್ ಫಿಲ್ಟರ್ ದಾಟಿ ದೂಳು ನುಗ್ಗಿದೆ. ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಕ್ಷಣ ಸ್ಲೋಗೆ ಇಳಿಯದಿದ್ದರೆ, ಅಥವಾ ಪಕ್ಕಕ್ಕೆ ವಾಲಿಸಿದಾಗ ಸದ್ದು ಏರಿಳಿದರೆ, ಮೊದಲು ಕಾರ್ಬುರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರ್ ಕೊಳವೆ ಬಿರುಕು ಬಿಟ್ಟಿದೆಯೇ ನೋಡಿ, ಆಮೇಲೆ ಸೀಲುಗಳನ್ನು. ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಈ ಗಾಳಿ ಸೋರಿಕೆಯನ್ನು ಮುಚ್ಚಿಹಾಕಿದವರ ಪಿಸ್ಟನ್ ಹೆಚ್ಚು ದಿನ ಬಾಳುವುದಿಲ್ಲ. ಹತ್ತು ನಿಮಿಷ ಓಡಿ ನಿಂತು, ಟ್ಯಾಂಕ್ ಮುಚ್ಚಳ ಸಡಿಲಿಸಿದೊಡನೆ ಮತ್ತೆ ಓಡಿದರೆ ತಪ್ಪು ಟ್ಯಾಂಕಿನ ಗಾಳಿಗಂಡಿಯದು. ಅದು ಸಣ್ಣ ಕೆಲಸ.

ಚೈನಿಗೆ ಎಣ್ಣೆ ಬರುತ್ತಿಲ್ಲ ಎಂಬುದು ಇನ್ನೊಂದು ಸಾಮಾನ್ಯ ದೂರು. ಪಂಪ್ ತಿರುಗುವುದು ಕ್ಲಚ್ ಡ್ರಮ್ಮಿನಿಂದ, ಆದ್ದರಿಂದ ಚೈನ್ ನಿಂತಿರುವಾಗ ಎಣ್ಣೆ ಬಾರದಿರುವುದು ಸಹಜ. ತೊಂದರೆ ಆಗುವುದು ಡ್ರಮ್ ಬಿಚ್ಚಿ ಹಾಕಿದ ಮೇಲೆ. ಪಂಪನ್ನು ತಿರುಗಿಸುವ ಸುರುಳಿ ಹಲ್ಲಿನ ಗಾಲಿ, ಅಂದರೆ ವರ್ಮ್‌ ತಂತಿಯ ತುದಿ ಡ್ರಮ್ಮಿನ ಕಚ್ಚಿನಲ್ಲಿ ಕೂರದಿದ್ದರೆ ಅದು ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಕ್ಲಚ್ಚಿನದು ಎಡ ಮರೆ. ಕಳಚಲು ಬಲಕ್ಕೆ ತಿರುಗಿಸಬೇಕು. ಇದು ಗೊತ್ತಿಲ್ಲದೆ ಜಗ್ಗಿದವರು ಬಹಳ ಮಂದಿ.

ಒಂದು ಆಸೆಯೂ ಇದರ ಸುತ್ತ ಇದೆ. ಇದೇ ಸಾಲಿನ ದೊಡ್ಡ ಮಾದರಿಗಳಾದ ಎಂಎಸ್ 310, 390 ಎರಡಕ್ಕೂ ಇದೇ 34 ಮಿ.ಮೀ. ಸ್ಟ್ರೋಕ್, ಬೋರ್ ಮಾತ್ರ 47 ಮತ್ತು 49. ಹಾಗಾಗಿ 290ಕ್ಕೆ 390ರ ಸಿಲಿಂಡರ್ ಕೂರಿಸಿ 64.1 ಸಿಸಿ ಮಾಡಿಕೊಳ್ಳುವವರಿದ್ದಾರೆ. ಹೇಗೂ ಪಿಸ್ಟನ್ ಹೋಗಿ ಎಂಜಿನ್ ಬಿಚ್ಚಿದ್ದರೆ ಒಳ್ಳೆಯ ಉಪಾಯವೇ. ಚೆನ್ನಾಗಿರುವ ಎಂಜಿನನ್ನು ಇದಕ್ಕಾಗಿ ಬಿಚ್ಚುವುದು ವ್ಯರ್ಥ. ಅಗ್ಗದ ನಕಲಿ ಸಿಲಿಂಡರ್ ಆದರೆ ಪೋರ್ಟುಗಳ, ಅಂದರೆ ಒಳಗೋಡೆಯ ಕಿಂಡಿಗಳ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ಚೂಪಿದ್ದರೆ ರಿಂಗ್ ಸಿಕ್ಕಿಕೊಳ್ಳುತ್ತದೆ, ಅರದಿಂದ ನಯಗೊಳಿಸಲೇಬೇಕು. ಸಿಲಿಂಡರ್ ದೊಡ್ಡದಾದ ಮೇಲೆ ಜೋರಿನ ಓಟದ ಮಿಶ್ರಣ ಹೊಂದಿಸುವ ಕಾರ್ಬುರೇಟರಿನ ಎಚ್ ಸ್ಕ್ರೂ ಹಳೆಯ ಜಾಗದಲ್ಲೇ ಇದ್ದರೆ ಮಿಶ್ರಣ ತೆಳುವಾಗಿ ಹೊಸ ಪಿಸ್ಟನ್ನೂ ಸುಟ್ಟೀತು.

ಮಾಮೂಲಿ ಲೆಕ್ಕ: ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಲೀಟರ್ ಪೆಟ್ರೋಲಿಗೆ 20 ಮಿ.ಲೀ., ಪ್ಲಗ್ ಅಂತರ 0.5 ಮಿ.ಮೀ. ಹರಿತಗೊಳಿಸಲು 3/8 ಇಂಚು ಪಿಚ್ (ಕೊಂಡಿಗಳ ಅಂತರದ ಅಳತೆ) ಚೈನಿಗೆ 5.2 ಮಿ.ಮೀ. ಉರುಟು ಅರ, .325 ಇಂಚಿನ ಚೈನಿಗೆ 4.8 ಮಿ.ಮೀ.