ಮಾಗಿಯ ಹೊಗೆ ಯಾಕೆ ಮೇಲೇರದು?

ಡಿಸೆಂಬರ್ ಕೊನೆಯಲ್ಲಿ ಬೆಳ್ಳಂಬೆಳಗ್ಗೆ ಚನ್ನರಾಯಪಟ್ಟಣದಿಂದ ಅರಸೀಕೆರೆ ಕಡೆ ಹೊರಟರೆ ಊರೂರ ಮೇಲೂ ಒಂದು ಬೂದುಪಟ್ಟಿ ಕಾಣುತ್ತದೆ. ತೆಂಗಿನ ಸುಳಿಯ ಎತ್ತರಕ್ಕೆ ಏರಿ, ಮುಂದೆ ಹೋಗಲಾರದೆ ಅಡ್ಡಡ್ಡ ಹರಡಿಕೊಂಡ ಪಟ್ಟಿ. ಮಂಜು ಎಂದುಕೊಂಡು ಫೋಟೊ ತೆಗೆಯುವವರೂ ಇದ್ದಾರೆ. ಮಂಜಿನ ಜೊತೆ ಅದರಲ್ಲಿ ಬಚ್ಚಲ ಒಲೆಗಳ ಹೊಗೆಯೂ ಇದೆ.

ಹೊಗೆ ಏರುವುದು ಸುತ್ತಲಿನ ಗಾಳಿಗಿಂತ ಬಿಸಿಯಾಗಿ, ಹಗುರಾಗಿ ಇರುವ ತನಕ ಮಾತ್ರ. ಹಗಲು ನೆಲ ಕಾದು ಗಾಳಿಯನ್ನು ಬಿಸಿ ಮಾಡುತ್ತದೆ. ಎತ್ತರಕ್ಕೆ ಹೋದಷ್ಟೂ ತಂಪು, ಹಾಗಾಗಿ ಹೊಗೆಗೆ ದಾರಿ ಸುಗಮ. ಮೋಡವಿಲ್ಲದ ಮಾಗಿಯ ರಾತ್ರಿ ಇದು ತಿರುವುಮುರುವಾಗುತ್ತದೆ. ನೆಲ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಕೆಳಗೇ ಕೂರುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ, ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಇದಕ್ಕೆ ಉಷ್ಣತಾ ವಿಲೋಮ ಎಂದು ಹೆಸರು. ಕೆರೆ ಬಯಲಿನಂಥ ತಗ್ಗಿನಲ್ಲಿ ತಣ್ಣನೆಯ ಗಾಳಿ ಹರಿದು ಬಂದು ನಿಲ್ಲುವುದರಿಂದ ಅಲ್ಲಿ ಈ ಪದರ ಇನ್ನೂ ಗಟ್ಟಿ.

ಬೇಸಿಗೆಯ ಮಧ್ಯಾಹ್ನ ಹೊಗೆ ಬೆರೆತುಕೊಳ್ಳಲು 1–2 ಕಿಲೋಮೀಟರ್ ಎತ್ತರದಷ್ಟು ಜಾಗ ಸಿಗುತ್ತದೆ. ಮಾಗಿಯ ನಸುಕಿನಲ್ಲಿ ಸಿಗುವುದು 100–200 ಮೀಟರ್, ಕೆಲವು ದಿನ ಅದೂ ಇಲ್ಲ. ಅಂದರೆ ಉರಿಸಿದ ಸೌದೆ ಅಷ್ಟೇ ಇದ್ದರೂ ಉಸಿರಿಗೆ ಬರುವ ಹೊಗೆ ಹತ್ತು ಪಟ್ಟಾಗಬಹುದು. ಬಿಸಿಲು ಏರಿ ನೆಲ ಕಾಯುವವರೆಗೂ ಇದೇ ಸ್ಥಿತಿ. ನಾವು ಸ್ನಾನದ ನೀರಿಗೆ ಉರಿ ಹಾಕುವುದೂ ಸರಿಯಾಗಿ ಆ ಹೊತ್ತಿಗೇ.

ದೆಹಲಿಯ ಸುದ್ದಿ ಕೇಳಿ ಕೇಳಿ ಹಳ್ಳಿಯ ಹೊಗೆ ಎಂದರೆ ಕೂಳೆ ಸುಡುವುದು ಎಂದೇ ನಮ್ಮ ತಲೆಯಲ್ಲಿ ಕೂತಿದೆ. ನಮ್ಮ ಬಯಲುಸೀಮೆಯಲ್ಲಿ ರಾಗಿ ಹುಲ್ಲಿಗೆ ಬೆಂಕಿ ಇಡುವವರು ಯಾರು? ಅದು ದನದ ಬಾಯಿಗೆ; ಮೆದೆ ಒಟ್ಟಿ ವರ್ಷವಿಡೀ ಕಾಪಾಡುತ್ತಾರೆ. ಸುಡುವುದು ಕಬ್ಬಿನ ತರಗು, ಒಂದಿಷ್ಟು ಮುಸುಕಿನ ಜೋಳದ ಕಡ್ಡಿ, ಬದುವಿನ ಕಸ. ಅರಕಲಗೂಡಿನ ಕಡೆ ತಂಬಾಕಿನ ಎಲೆ ಬೇಯಿಸಿ ಒಣಗಿಸುವ ಮನೆಗಳಾದ ಬ್ಯಾರನ್‌ಗಳು ಮಳೆಗಾಲದ ನಡುವಿನಿಂದಲೇ ಸೌದೆ ನುಂಗುತ್ತವೆ. ಅರಸೀಕೆರೆ, ತಿಪಟೂರು ಭಾಗದಲ್ಲಿ ತೆಂಗಿನ ಚಿಪ್ಪಿನ ಇದ್ದಿಲು ಸುಡುವ ಗುಂಡಿಗಳಿವೆ. ಗಾಳಿ ಸಾಲದೆ ಕುಮುಲುವ ಚಿಪ್ಪಿನಿಂದ ಬರುವ ಡಾಂಬರು ವಾಸನೆಯ ಹೊಗೆಯನ್ನು ಅಕ್ಕಪಕ್ಕದವರು ಚೆನ್ನಾಗಿ ಬಲ್ಲರು. ಆದರೂ ನನ್ನನ್ನು ಕೇಳಿದರೆ, ಚಳಿಗಾಲದ ಲೆಕ್ಕದಲ್ಲಿ ಹೊಲಕ್ಕಿಂತ ಮೊದಲು ಬಚ್ಚಲನ್ನು ನೋಡಬೇಕು. 2016ರಲ್ಲಿ ಶುರುವಾದ ಉಜ್ವಲಾ ಯೋಜನೆಯ ಸಿಲಿಂಡರು ಅಡುಗೆಮನೆಗೆ ಬಂತು, ಹಂಡೆಯ ಕೆಳಗೆ ಮಾತ್ರ ತೆಂಗಿನ ಎಡಮಟ್ಟೆ, ಒಣಗರಿಗಳೇ ಉಳಿದವು. ತೋಟದಲ್ಲಿ ಪುಕ್ಕಟೆ ಬಿದ್ದಿರುವಾಗ ಗ್ಯಾಸಿನಲ್ಲಿ ನೀರು ಕಾಯಿಸುವವರಾದರೂ ಯಾರು?

ಸೌದೆ ಹೊಗೆಯ ಕಣಗಳಲ್ಲಿ ಬಹುಪಾಲು 2.5 ಮೈಕ್ರೋಮೀಟರಿಗಿಂತ ಸಣ್ಣವು. ತಲೆಗೂದಲಿನ ದಪ್ಪ ಸುಮಾರು 50–70 ಮೈಕ್ರೋಮೀಟರ್. ಮೂಗು, ಗಂಟಲು ಇವನ್ನು ತಡೆಯಲಾರವು. ಶ್ವಾಸಕೋಶದ ಗಾಳಿಗೂಡುಗಳ ತನಕ ಇಳಿಯುತ್ತವೆ. ಫೆಬ್ರುವರಿಯಿಂದ ಮೇ ತನಕದ ಧೂಳು, ಅಂದರೆ ಟಾರು ರಸ್ತೆಯನ್ನೇ ಒಕ್ಕಣೆಯ ಕಣ ಮಾಡಿ ರಾಗಿ ತುಳಿಸುವಾಗ, ಯುಗಾದಿ ಆಚೀಚೆ ಉಳುವಾಗ ಏಳುವ ಕೆಂಪು ಧೂಳು, ಕಣ್ಣಿಗೆ ಹೆಚ್ಚು ರಾಚಿದರೂ ಅದರ ಕಣಗಳು ದಪ್ಪ. ಬೇಗ ನೆಲಕ್ಕಿಳಿಯುತ್ತವೆ, ಬಹುತೇಕ ಮೂಗು, ಗಂಟಲಲ್ಲೇ ಸಿಕ್ಕಿಬೀಳುತ್ತವೆ. ಸೀನು ತರಿಸಿದ್ದೇ ಹೆಚ್ಚು ಕೆಟ್ಟದ್ದು ಎನ್ನುವಂತಿಲ್ಲ.

ಜೂನ್ ಬಂತೆಂದರೆ ಹೊರಗಿನ ಗಾಳಿ ತಿಳಿಯಾಗುತ್ತದೆ. ಮಳೆ ತೊಳೆಯುತ್ತದೆ ಎನ್ನುವುದು ಸರಿ, ಆದರೆ ಪೂರ್ತಿ ಉತ್ತರ ಅದಲ್ಲ. ಆಗ ಸಕಲೇಶಪುರದ ಘಟ್ಟ ಹತ್ತಿ ಬರುವುದು ಅರಬ್ಬಿ ಸಮುದ್ರದ ಗಾಳಿ, ಅದಕ್ಕೆ ದಾರಿಯಲ್ಲಿ ಹೊಗೆ ಸಿಕ್ಕಿರುವುದೇ ಕಡಿಮೆ; ಮೇಲಾಗಿ ಬೀಸೂ ಜೋರು. ಮನೆಯೊಳಗಿನ ಕತೆಯೇ ಬೇರೆ. ನೆನೆದ ಸೌದೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು, ಎರಚಲಿಗೆ ಹೆದರಿ ಕಿಟಕಿ ಬೇರೆ ಮುಚ್ಚಿರುತ್ತೇವೆ.

ಇದನ್ನೆಲ್ಲ ಅಳೆಯುವ ಬಗೆಯಲ್ಲೂ ಒಂದು ತೊಡಕಿದೆ. 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳಿಗೆ ನಮ್ಮ ದೇಶದ ಮಿತಿ ದಿನದ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಒಂದು ಊರಿನಲ್ಲಿ ಬೆಳಗಿನ 2 ಗಂಟೆ 300, ಮಿಕ್ಕ 22 ಗಂಟೆ 25 ಇತ್ತು ಎಂದಿಟ್ಟುಕೊಳ್ಳಿ. ಸರಾಸರಿ 48 ಬರುತ್ತದೆ, ನಮ್ಮ ಮಿತಿಯೊಳಗೇ. ಅದೂ ಮಾಪಕ ಇದ್ದರೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ, ಎಲ್ಲವೂ ನಗರಗಳೇ. ಹಳ್ಳಿಯವರು ಸದ್ಯಕ್ಕೆ ಮಾಡಬಹುದಾದದ್ದು ಹೊತ್ತು ಬದಲಿಸುವುದು: ತೋಟದ ಕಸ ಸುಡಲೇಬೇಕಾಗಿ ಬಂದರೆ, ಗಾಳಿ ಜೋರಿಲ್ಲದ ದಿನ, ಮಧ್ಯಾಹ್ನ ಒಂದರಿಂದ ಮೂರರ ನಡುವೆ. ಬಚ್ಚಲಿಗೆ ಸೋಲಾರ್ ಹಾಕಿಸಬಲ್ಲವರು ಹಾಕಿಸಲಿ. ಉಳಿದವರು ಒಲೆಗೆ ಒಂದು ಹೊಗೆಕೊಳವೆ ಕೂರಿಸಿದರೂ ಉರಿ ಹಾಕುವವರ ಮುಖಕ್ಕೆ ಬಡಿಯುವ ಹೊಗೆಯಾದರೂ ತಗ್ಗುತ್ತದೆ.